ಇಪ್ಪತ್ತು ಡಿಗ್ರಿ ಕೋಣೆಯ ಕಾವಲು

೪ ಜನವರಿ ೨೦೦೩, ಶನಿವಾರ, ಹೈಡೆಲ್‌ಬರ್ಗ್

ಬರ್ಲಿನ್ನಿನ ಗೋಡೆ ಬಿದ್ದದ್ದು ನಾನು ಬರೆದ ಒಂದು ಕಾರ್ಡಿನಿಂದ. ಇದನ್ನು ಇಲ್ಲಿಯವರು ಒಪ್ಪುವುದಿಲ್ಲ. ನಮ್ಮೂರು ತಿಕೋಟಾದ ಪೋಸ್ಟಾಫೀಸಿನಲ್ಲಿ ನಿಂತು, ಅಣ್ಣತಮ್ಮಂದಿರ ನಡುವೆ ಗೋಡೆ ಇದ್ದರೆ ಮನೆತನ ಉಳಿಯುವುದಿಲ್ಲ, ಕೆಡವಿರಿ ಎಂದು ಎರಡೇ ಸಾಲು ಬರೆದು ಡಬ್ಬಿಗೆ ಹಾಕಿದೆ. ಮುಂದಿನ ತಿಂಗಳು ಕೆಡವಿದರು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನ ಅಕ್ಷರದ ಬಲ ಅದು. ಅಂಥ ನಾನೇ ಇಲ್ಲಿಗೆ ಬಂದು ಇವತ್ತಿಗೆ ಆರು ದಿನ. ವಿಮಾನ ನಿಲ್ದಾಣದಲ್ಲಿ ಹಾರ ಹಿಡಿದು ಯಾರೂ ನಿಂತಿರಲಿಲ್ಲ. ವಿಷಯವನ್ನು ಗುಟ್ಟಾಗಿ ಇಟ್ಟಿದ್ದಾರೆ.

ಪವಿ ನಮ್ಮ ಅಣ್ಣನ ಮಗಳು. ಇಲ್ಲಿಯ ಒಂದು ಪ್ರಯೋಗಶಾಲೆಯಲ್ಲಿ ಯೀಸ್ಟಿನ ಮೇಲೆ ಕೆಲಸ ಮಾಡುತ್ತಾಳೆ. ಗಂಡ ಶೈಲೇಶ ಜರ್ಮನಿಯವರೇ ಕೊಡುವ ಗ್ರೀನ್ ಕಾರ್ಡಿನ ಮೇಲೆ ಬಂದ ಕಂಪ್ಯೂಟರ್ ಎಂಜಿನಿಯರ್. ಮ್ಯೂನಿಕ್ ಹತ್ತಿರದ ಉಂಟರ್‌ಫ್ಯೋರಿಂಗ್‌ನಲ್ಲಿ ನೌಕರಿ ಎಂದು ಊರಲ್ಲಿ ಕೇಳಿದ್ದೆ. ಇಲ್ಲಿ ನೋಡಿದರೆ ಆರು ದಿನದಿಂದ ಮನೆಯಲ್ಲೇ ಇದ್ದಾನೆ. ಫೋನ್ ಬಂದರೆ ಈ ಚಳಿಯಲ್ಲಿ ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಒಳ್ಳೆಯ ಮಾತಾದರೆ ಬಾಗಿಲು ಯಾಕೆ ಹಾಕಬೇಕು? ಗಮನಿಸುತ್ತಿದ್ದೇನೆ.

ಹೋದ ಹೊತ್ತು, ಬಂದ ಹೊತ್ತು ಎಲ್ಲ ಬರೆದಿಡುತ್ತೇನೆ. ದ್ರಾಕ್ಷಿ ಪಡಕ್ಕೆ, ಅಂದರೆ ತೋಟಕ್ಕೆ, ನೀರಿನ ಪಾಳಿ ಬರೆದಿಟ್ಟು ಬೆಳೆದ ಕೈ ಇದು.

೫ ಜನವರಿ, ಭಾನುವಾರ

ಗುಟ್ಟು ಒಡೆಯಿತು. ಬೆಳಿಗ್ಗೆ ಪ್ರಯೋಗಶಾಲೆಗೆ ನನ್ನನ್ನು ಕರೆದುಕೊಂಡು ಹೋಗುವಾಗ ಟ್ರಾಮಿನಲ್ಲಿ ಪವಿಯೇ ಹೇಳಿದಳು.

"ಅವರ ಕಂಪನಿ ಡಿಸೆಂಬರ್‌ನಾಗ ಬಂದ್ ಆತ್ರಿ ಕಾಕಾ. ಬ್ಯಾರೆ ನೌಕರಿ ಸಿಗಲಿಲ್ಲಂದ್ರ ಹೊಂಟ್ ಹೋಗಬೇಕಾಗ್ತದ. ನನ್ನ ಫೆರ್ಟ್ರಾಗ್ ಎರಡು ವರ್ಷ ಮುಂದುವರದ್ರ ಮಾತ್ರ ಇಲ್ಲೆ ಇರಬಹುದು."

ಫೆರ್ಟ್ರಾಗ್ ಎಂದರೆ ಕೆಲಸದ ಕರಾರು. ಫೆಬ್ರವರಿ ಹದಿನಾಲ್ಕಕ್ಕೆ ಅವಳ ಪ್ರೊಫೆಸರು ನಿರ್ಧಾರ ಮಾಡುತ್ತಾರೆ. ಒಂದೇ ಜಾಗ. ಕೇಳುವವರು ಇಬ್ಬರು, ನಮ್ಮ ಪವಿ ಮತ್ತು ಕಾರಿನ್ ಎಂಬ ಜರ್ಮನ್ ಹುಡುಗಿ. ಆ ಹುಡುಗಿಯನ್ನು ನೋಡಿದೆ. ಬಹಳ ನಗುತ್ತಾಳೆ. ಕಾರಣವಿಲ್ಲದೆ ನಗುವವರನ್ನು ನಾನು ನಂಬುವುದಿಲ್ಲ.

ಪವಿಯ ಕೆಲಸ ಇಂಥದು. ಬ್ರೆಡ್ ಉಬ್ಬಿಸುವ ಯೀಸ್ಟಿನ ಜೀವದೊಳಗೆ ಉದ್ದನೆಯ ಬರಹ ಇರುತ್ತದಂತೆ. ಆ ಬರಹದಲ್ಲಿ ಒಂದು ತುಂಡು ಪುಂಡಾಟಿಕೆಯದು. ತನ್ನದೇ ನಕಲು ತೆಗೆದು ಬೇರೆ ಕಡೆ ಜಿಗಿದು ಕೂರುತ್ತದೆ. ಹೆಚ್ಚಾಗಿ ಸುಮ್ಮನೆ ಮಲಗಿರುತ್ತದೆ. ಶಿಲೀಂಧ್ರ ಕೊಲ್ಲುವ ಔಷಧಿಯನ್ನು ಸ್ವಲ್ಪ ಸ್ವಲ್ಪವೇ ಹಾಕಿ ಯೀಸ್ಟನ್ನು ಕಾಡಿದರೆ ಅದು ಹೆಚ್ಚು ಜಿಗಿಯುತ್ತದೆಯೇ ಎಂಬುದು ಇವಳ ಪ್ರಶ್ನೆ. ಜಿಗಿಯಿತೆಂದರೆ ಬರಹ ಬದಲಾಗುತ್ತದೆ. ಬದಲಾದ ಯೀಸ್ಟುಗಳಲ್ಲಿ ಯಾವುದೋ ಒಂದು, ಔಷಧಿಯನ್ನೇ ತಡೆದುಕೊಳ್ಳಲು ಕಲಿತುಬಿಡಬಹುದು.

"ಇದ್ರಾಗ ಏನದ ಹೊಸದು? ದ್ರಾಕ್ಷಿಗೆ ಬೂದಿರೋಗ ಬಂದ್ರ ಹೊಡಿಯೋ ಔಷಧ ನಾಕು ವರ್ಷ ಕೆಲಸ ಮಾಡ್ತದ. ಐದನೇ ವರ್ಷ ಬೂದಿ ನಮ್ಮನ್ನ ನೋಡಿ ನಗ್ತದ."

"ಅದಽ ಜಾತಿ ಔಷಧರಿ ಕಾಕಾ ಇದೂ," ಎಂದು ಅವಳು ನಿಂತುಬಿಟ್ಟಳು. "ಯಾಕ ನಗ್ತದ ಅಂತಽ ಹುಡುಕಾಕತ್ತೀನಿ."

ಹಾಗಾದರೆ ಈ ಸಂಶೋಧನೆಯ ಮೂಲ ನಾನೇ.

ಪ್ರಯೋಗಶಾಲೆಯ ದೊಡ್ಡ ಕೋಣೆಯಲ್ಲಿ ಹೊರಗಿನವರು ಕೂರುವಂತಿಲ್ಲ. ಪಕ್ಕದ ಸಣ್ಣ ಕೋಣೆಯಲ್ಲಿ ಕುರ್ಚಿ ಹಾಕಿ, ಏನೂ ಮುಟ್ಟಬ್ಯಾಡ್ರಿ ಎಂದು ಹೇಳಿ ಹೋದಳು. ಅಲ್ಲೇ ಗೋಡೆಯ ಹಲಗೆಯ ಮೇಲೆ ಅವಳ ಗಾಜಿನಂಥ ತಟ್ಟೆಗಳು, ಶುಕ್ರವಾರದಿಂದ ಬುಧವಾರದವರೆಗೆ ಐದು ದಿನ ವಿಶ್ರಾಂತಿಗೆ ಇರುತ್ತವೆ. ಆಮೇಲೆ ಎಣಿಕೆ. ತುಂಡು ಜಿಗಿದ ಕಡೆ ಮಾತ್ರ ಒಂದು ಬಿಳಿ ಚುಕ್ಕೆ ಏಳುವಂತೆ ಮಾಡಿದ್ದಾಳೆ. ಔಷಧಿ ಇಲ್ಲದ ತಟ್ಟೆಯಲ್ಲಿ ಎಂಟು ಹತ್ತು, ಔಷಧಿ ಇದ್ದದ್ದರಲ್ಲಿ ಅರವತ್ತರವರೆಗೆ ಎದ್ದಿವೆಯಂತೆ.

ಅದೇನು ಕೋಣೆಯೋ, ಎಮ್ಮೆ ಕಟ್ಟಿದರೂ ಸೆಟೆದುಕೊಂಡೀತು. ಹಲಗೆಯ ಕೆಳಗೆ ಕಿಟಕಿಗೆ ಹತ್ತಿದಂತೆ ಬಿಸಿ ಮಾಡುವ ಕಬ್ಬಿಣದ ಪಟ್ಟಿ ಇದೆ, ಅದಕ್ಕೊಂದು ತಿರುಗಣಿ, ಒಂದರಿಂದ ಐದರವರೆಗೆ ಅಂಕಿ. ಒಂದರ ಮೇಲೆ ಇತ್ತು. ಐದಕ್ಕೆ ತಿರುಗಿಸಿ ಬೆನ್ನು ಕೊಟ್ಟು ಕುಳಿತೆ. ಹೊರಡುವ ಮುಂಚೆ ಮತ್ತೆ ಒಂದಕ್ಕೇ ತಂದಿಟ್ಟೆ. ಪರರ ಮನೆಯಲ್ಲಿ ಏನು ಮುಟ್ಟಿದರೂ ಮುಟ್ಟಿದ ಗುರುತು ಇರಬಾರದು ಎಂದು ಅವ್ವ ಕಲಿಸಿದ್ದು. ಹನ್ನೊಂದಕ್ಕೆ ಕುಳಿತದ್ದು, ಮೂರೂವರೆಗೆ ಎದ್ದದ್ದು.

೮ ಜನವರಿ, ಬುಧವಾರ

ಪವಿ ಕೋಟು ಬಿಚ್ಚದೆ ಸೋಫಾದ ಮೇಲೆ ಕುಳಿತಳು. ಒಂದು ಚುಕ್ಕೆಯೂ ಎದ್ದಿಲ್ಲ. ಔಷಧಿ ಹಾಕಿದ್ದರಲ್ಲೂ ಇಲ್ಲ, ಹಾಕದ್ದರಲ್ಲೂ ಇಲ್ಲ. ಡಿಸೆಂಬರಿನಲ್ಲಿ ಮೂರು ಸಲ ಸರಿಯಾಗಿ ಬಂದಿತ್ತು.

"ಯಾರರೆ ಕೈ ಹಚ್ಚಿರಬೇಕು," ಎಂದೆ.

"ಇಲ್ಲೆ ಹಂಗ ಯಾರೂ ಮಾಡೂದಿಲ್ರಿ."

ಎಲ್ಲ ಊರಲ್ಲೂ ಹೀಗೇ ಹೇಳುತ್ತಾರೆ.

೧೧ ಜನವರಿ, ಶನಿವಾರ

ಕಾವಲು ಕೂರುತ್ತೇನೆಂದು ಹಟ ಹಿಡಿದೆ. ಶೈಲೇಶ ನಕ್ಕ. "ಕಾಕಾ, ಅದೇನು ದ್ರಾಕ್ಷಿ ಪಡ ಏನ್ರಿ, ಕವಣಿ ಹಿಡದು ಕುಂದರಾಕ?"

"ಅಳಿಯಂದ್ರ, ಕಳ್ಳ ಹಕ್ಕಿ ಎಲ್ಲಾ ಕಡಿ ಒಂದಽ."

ಮನೆಯಲ್ಲಿ ಬಿಟ್ಟರೆ ಮೊನ್ನೆಯಂತೆ ಹೊಗೆಯ ಗಂಟೆ ಬಾರಿಸುತ್ತೇನೆಂದು ಪವಿ ಒಪ್ಪಿದಳು. ಒಗ್ಗರಣೆಗೆ ಗಂಟೆ ಹೊಡೆಯುವ ಮನೆಯಲ್ಲಿ ನನ್ನದೇನು ತಪ್ಪು?

ಹತ್ತೂವರೆಯಿಂದ ನಾಲ್ಕರವರೆಗೆ ಬಾಗಿಲು ಮುಚ್ಚಿ ಕುಳಿತೆ. ತಿರುಗಣಿ ಐದಕ್ಕೆ, ಹೊರಡುವಾಗ ಒಂದಕ್ಕೆ. ಮಧ್ಯಾಹ್ನ ಕಾರಿನ್ ಬಾಗಿಲು ತಟ್ಟಿದಳು. ಅರ್ಧವೇ ತೆರೆದು ಅಡ್ಡ ನಿಂತೆ. ಕೈಯಲ್ಲಿ ಕಾಫಿ. ತೆಗೆದುಕೊಂಡು, ಅವಳು ಹೋದ ಮೇಲೆ ತೊಟ್ಟಿಗೆ ಚೆಲ್ಲಿದೆ. ಅವಳ ತಟ್ಟೆಗಳು ಆಚೆ ಮೂಲೆಯಲ್ಲಿ, ಕರೆಂಟಿನ ಮೇಲೆ ನಡೆಯುವ ಮುಚ್ಚಿದ ಪೆಟ್ಟಿಗೆಯಲ್ಲಿವೆ. ತನ್ನದನ್ನು ಪೆಟ್ಟಿಗೆಯಲ್ಲಿಟ್ಟು ನಮ್ಮವಳದನ್ನು ಬಯಲಿಗೆ ಬಿಟ್ಟಿದ್ದಾಳೆ. ನಾಳೆಯೂ ಹೋಗುತ್ತೇನೆ.

೧೫ ಜನವರಿ, ಬುಧವಾರ

ಮತ್ತೆ ಸೊನ್ನೆ. ಕಾರಿನ್ನಳ ತಟ್ಟೆಗಳು ಮಾತ್ರ ಚೆನ್ನಾಗಿವೆ. ಇನ್ನೇನು ಬೇಕು ಸಾಕ್ಷಿ?

೧೮ ಜನವರಿ, ಶನಿವಾರ

ಹತ್ತರಿಂದ ನಾಲ್ಕೂವರೆ. ಹೌಸ್‌ಮೈಸ್ಟರ್, ಅಂದರೆ ಕಟ್ಟಡ ನೋಡಿಕೊಳ್ಳುವ ಮುದುಕ, ಹೆರ್ ಬೆಂಡರ್ ಬಂದಿದ್ದ. ನನ್ನ ಕುರ್ಚಿ ಗಟ್ಟಿಯಾಗಿದೆಯೆಂದು ಸನ್ನೆ ಮಾಡಿ ಒಂದು ದಿಂಬು ತಂದುಕೊಟ್ಟ, ಒಂದು ಸೇಬನ್ನೂ. ಅವನಿಗೂ ನನಗೂ ಭಾಷೆ ಇಲ್ಲ. ಮೊಣಕಾಲು ತೋರಿಸಿದ, ನಾನೂ ನನ್ನದು ತೋರಿಸಿದೆ. ಬಹಳ ಹೊತ್ತು ಮಾತಾಡಿದಂತಾಯಿತು. ದಿಂಬು ಬಿಚ್ಚಿ ಒಳಗೆ ನೋಡಿದೆ. ಹತ್ತಿಯೇ.

ಕಾರಿನ್ ಕಾಫಿ ತಂದಳು. ಅರ್ಧ ಚೆಲ್ಲಿದೆ. ವಿಷವಾಗಿದ್ದರೆ ಅರ್ಧದಲ್ಲಿ ಗೊತ್ತಾಗುತ್ತಿತ್ತು.

೨೦ ಜನವರಿ, ಸೋಮವಾರ

ನನ್ನ ಹೆಂಡತಿ ನೀಲವ್ವನ ಕಿವಿಯ ಮಷೀನು ವಿಚಾರಿಸಲು ಒಬ್ಬನೇ ಪೇಟೆಗೆ ಹೋಗಿದ್ದೆ. ಅವಳಿಗೆ ಬಲಗಿವಿ ಕೇಳಿಸುವುದಿಲ್ಲ, ಜರ್ಮನಿಯ ಮಷೀನು ಒಳ್ಳೆಯದೆಂದು ಎಮ್ಮೆ ಮಾರಿ ರೊಕ್ಕ ಕೊಟ್ಟಿದ್ದಳು. ಹಳೆಯ ಸೇತುವೆಯ ಹತ್ತಿರ ಒಬ್ಬ ಮೂರು ಬೆಂಕಿಪೊಟ್ಟಣ ಕವುಚಿ, ಒಂದರ ಕೆಳಗೆ ಗುಂಡು ಇಟ್ಟು, ಸರಸರ ಜಾಗ ಬದಲಿಸುತ್ತಿದ್ದ. ಎಲ್ಲಿದೆ ಹೇಳಿದರೆ ಇಟ್ಟದ್ದರ ಎರಡರಷ್ಟು. ನನ್ನ ಕಣ್ಣು ತಪ್ಪಿಸಿದವನು ಜಿಲ್ಲೆಯಲ್ಲೇ ಹುಟ್ಟಿಲ್ಲ. ಮೊದಲ ಸಲ ಗೆದ್ದೆ. ಆಮೇಲೆ ಗುಂಡು ನಾನು ನೋಡಿದ ಕಡೆ ಇರಲಿಲ್ಲ. ಪವಿಯ ಪುಂಡ ತುಂಡೂ ಹೀಗೇ ಜಿಗಿಯುತ್ತಿರಬೇಕು.

ಹತ್ತು ಯೂರೋ ಹೋಯಿತು. ದೊಡ್ಡ ಮಾತಲ್ಲ. ಅಂಗಡಿಗೆ ಹೋಗುವಷ್ಟು ಹೊತ್ತು ಉಳಿಯಲಿಲ್ಲ.

೨೨ ಜನವರಿ, ಬುಧವಾರ

ಮೂರನೆಯ ಸೊನ್ನೆ. ಪ್ರೊಫೆಸರು ಕರೆದು, ಡಿಸೆಂಬರಿನ ಚುಕ್ಕೆಗಳೇ ಆಕಸ್ಮಿಕ ಇರಬಹುದಲ್ಲ ಎಂದರಂತೆ. ಪವಿ ಅಳಲಿಲ್ಲ. ಅಕ್ಕಿ ಆರಿಸಲು ಕುಳಿತಳು. ಇಲ್ಲಿಯ ಅಕ್ಕಿಯಲ್ಲಿ ಕಲ್ಲೇ ಇರುವುದಿಲ್ಲ.

ಶೈಲೇಶ ಊಟದ ನಡುವೆ, "ಡ್ಯೂಸೆಲ್ಡಾರ್ಫ್‌ನವರೂ ಇಲ್ಲ ಅಂದ್ರು," ಎಂದ. ಬಾಲ್ಕನಿಯ ಫೋನು ಇಂಥವೇ ಇರಬೇಕು. ಬಾಗಿಲು ಹಾಕಿಕೊಳ್ಳುವುದು ನಮಗೆ ಕೇಳಿಸಬಾರದೆಂದು. ಹಾಗಾದರೂ ಅವನನ್ನು ಪೂರ್ತಿ ಬಿಟ್ಟಿಲ್ಲ.

ಮೊನ್ನೆ ಹೋದದ್ದು ಇಪ್ಪತ್ತು ಯೂರೋ ಇರಬೇಕು. ಹತ್ತು ಎಂದು ಬರೆದದ್ದು ಅವಸರದಲ್ಲಿ.

೨೫ ಜನವರಿ, ಶನಿವಾರ

ಜ್ವರ. ಕೆಮ್ಮು. ಕಾವಲಿಗೆ ಹೋಗಲಾಗಲಿಲ್ಲ, ನಾಳೆಯೂ ಆಗದು. ಹಕ್ಕಿಗೆ ಪಡ ಬಿಟ್ಟುಕೊಟ್ಟಂತಾಯಿತು.

೨೯ ಜನವರಿ, ಬುಧವಾರ

ಪವಿ ಮೆಟ್ಟಿಲಿನಿಂದಲೇ ಕೂಗಿದಳು. ಚುಕ್ಕೆಗಳು ಎದ್ದಿವೆ. ಔಷಧಿ ಇಲ್ಲದ್ದರಲ್ಲಿ ಒಂಬತ್ತು, ಔಷಧಿ ಇದ್ದದ್ದರಲ್ಲಿ ಐವತ್ತೆಂಟು.

ನನಗೆ ಆಶ್ಚರ್ಯವಾಗಲಿಲ್ಲ. ಮೂರು ವಾರ ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದಕ್ಕೆ ಕಾರಿನ್ ಹೆದರಿದ್ದಾಳೆ. ಕಾವಲುಗಾರ ಮಲಗಿದ್ದರೂ ಕಾವಲು ನಡೆಯುತ್ತದೆ ಎಂದು ಶೈಲೇಶನಿಗೆ ಹೇಳಿದೆ.

"ಹಂಗಾರ ಮಲಗಽಬಿಡ್ರಿ ಕಾಕಾ," ಎಂದ.

೧ ಫೆಬ್ರವರಿ, ಶನಿವಾರ

ಸಿಕ್ಕಿಬಿದ್ದಳು. ಹತ್ತು ಗಂಟೆಗೆ ನಾನು ಹೋಗಿ ಕೂರುವಷ್ಟರಲ್ಲಿ ಕಾರಿನ್ ಬಂದು, ಪವಿಯ ತಟ್ಟೆಗಳ ಹಿಂದೆ ಕೋಟಿನ ಗುಂಡಿಯಷ್ಟು ದಪ್ಪದ ಉಕ್ಕಿನ ಬಿಲ್ಲೆಯೊಂದನ್ನು ಇಟ್ಟು, ನನ್ನ ಕಡೆ ನಕ್ಕು ಹೋದಳು. ನನ್ನ ಕಣ್ಣೆದುರಿಗೇ. ಹಳ್ಳಿಯವನಿಗೆ ಏನು ತಿಳಿಯುತ್ತದೆ ಎಂಬ ಧೈರ್ಯ.

ಆಗಲೇ ಮುಟ್ಟಲಿಲ್ಲ. ಕಳ್ಳತನ ಪೂರ್ತಿಯಾಗಲಿ ಎಂದು ಬಿಟ್ಟೆ. ತಿರುಗಣಿ ಐದಕ್ಕೆ ಮಾಡಿ, ಬಿಲ್ಲೆಯ ಮೇಲೆ ಕಣ್ಣಿಟ್ಟು ನಾಲ್ಕರವರೆಗೆ ಕುಳಿತೆ.

೨ ಫೆಬ್ರವರಿ, ಭಾನುವಾರ

ಹತ್ತೂವರೆಯಿಂದ ಮೂರೂವರೆ. ಕಾರಿನ್ ಮನೆಯಲ್ಲಿ ಮಾಡಿದ ಕೇಕು, ಕಾಫಿ ತಂದಳು. ಎರಡು ಲೋಟ ಕುಡಿದೆ, ಸಕ್ಕರೆ ಇನ್ನಷ್ಟು ಬೇಕೆಂದು ಸನ್ನೆ ಮಾಡಿದೆ. ಕೇಕು ಚೆನ್ನಾಗಿತ್ತು. ಅಪರಾಧಿಯಾದ ಮಾತ್ರಕ್ಕೆ ಕೈರುಚಿ ಕೆಡಬೇಕೆಂದಿಲ್ಲ.

ಹೊರಡುವಾಗ ಬಿಲ್ಲೆಯನ್ನು ಕರವಸ್ತ್ರದಲ್ಲಿ ಸುತ್ತಿ ತಂದು ಮನೆಯಲ್ಲಿ ಪವಿಯ ಮುಂದೆ ಇಟ್ಟೆ.

"ತಗೋ. ನಿನ್ನ ಗೆಳತಿ ಮಾಡಿದ ಮಾಟ."

ಪವಿ ಹಣೆ ಹಿಡಿದುಕೊಂಡಳು. "ಕಾಕಾ, ಇದನ್ನ ಇಡು ಅಂದಾಕಿ ನಾನಽ. ಇದು ತಾಪಮಾನ ಬರ್ಕೋತದ. ಹತ್ತ್ ಹತ್ತು ನಿಮಿಷಕ್ಕೊಮ್ಮೆ. ಕೋಣಿದು ಇಪ್ಪತ್ತು ಡಿಗ್ರಿ ಇರ್ತದೋ ಇಲ್ಲೋ ನೋಡೂನು ಅಂತ ಕಾರಿನ್ ಹೇಳಿದ್ಲು. ಆಕಿ ಸ್ವಂತ ರೊಕ್ಕಾ ಕೊಟ್ಟು ತಂದಾಳ."

"ಇಪ್ಪತ್ತಽ ಯಾಕಿರಬೇಕು?"

"ಆ ತುಂಡು ತಂಪಿನಾಗ ಜಿಗೀತದ್ರಿ. ಮೂವತ್ತರ ಮ್ಯಾಲ ಹೋತಂದ್ರ ಕಡಿಮಿ ಆಗ್ತದ, ಇನ್ನೂ ಏರಿದ್ರ ನಿಂತಽ ಬಿಡ್ತದ."

ನನಗೆ ಕೆಮ್ಮು ಬಂತು. ಒಳಗೆ ಹೋಗಿ ಮಲಗಿದೆ.

೩ ಫೆಬ್ರವರಿ, ಸೋಮವಾರ

ಪವಿ ಒಂದು ಹಾಳೆ ತಂದಿದ್ದಾಳೆ. ಬಿಲ್ಲೆ ಬರೆದುಕೊಂಡದ್ದು. ಉದ್ದಕ್ಕೆ ಸಪಾಟು ಗೆರೆ, ನಡುವೆ ಎರಡು ಗುಡ್ಡ. ಒಂದು ಶನಿವಾರ ಹತ್ತಕ್ಕೆ ಏರಿ ನಾಲ್ಕರ ಮೇಲೆ ಇಳಿದದ್ದು, ಇನ್ನೊಂದು ಭಾನುವಾರ ಹತ್ತೂವರೆಗೆ ಏರಿದ್ದು. ತುದಿಯಲ್ಲಿ ಮೂವತ್ತಾರು ಡಿಗ್ರಿ.

ಸೋಮವಾರ ಬೆಳಿಗ್ಗೆ ಯಾರು ನೋಡಿದರೂ ಇಪ್ಪತ್ತೇ ಇರುತ್ತಿತ್ತು. ಅದಕ್ಕೇ ಯಾರಿಗೂ ತಿಳಿದಿಲ್ಲ.

ಹೆರ್ ಬೆಂಡರ್ ರಜಾದಿನ ಬಾಯ್ಲರ್ ಜೊತೆ ಏನೋ ಮಾಡುತ್ತಿರಬೇಕು ಎಂದು ಅಲ್ಲಿ ಎಲ್ಲರ ತೀರ್ಮಾನ. ಅವನ ಮೇಲೆ ಮೊದಲೇ ಒಂದು ದೂರು ಇದೆಯಂತೆ. ನಾಳೆ ಪವಿ ಬರೆದು ಕೊಡಬೇಕು. ಅವನಿಗೆ ಪಿಂಚಣಿಗೆ ಏಳು ತಿಂಗಳು ಉಳಿದಿದೆ.

ನನ್ನ ಹೆಸರು ಯಾರ ಬಾಯಲ್ಲೂ ಬಂದಿಲ್ಲ. ಮುಟ್ಟಿದ ಗುರುತೇ ಇಲ್ಲವಲ್ಲ.

ಈ ವಹಿ ತೆಗೆದು ತಾರೀಖು ಕೂಡಿಸಿ ನೋಡಿದೆ. ಐದು, ಹನ್ನೊಂದು, ಹನ್ನೆರಡು, ಹದಿನೆಂಟು, ಹತ್ತೊಂಬತ್ತು. ಮತ್ತೆ ಒಂದು, ಎರಡು. ನಡುವೆ ಜ್ವರದ ವಾರ. ಗುಡ್ಡದ ಹಾಳೆಯ ಪಕ್ಕ ಇಟ್ಟರೆ ಬೇರೆ ಯಾರನ್ನೂ ಹುಡುಕಬೇಕಾಗಿಲ್ಲ.

ಬಾಯ್ಲರೂ ಇರಬಹುದು. ಎರಡೂ ಸೇರಿರಬಹುದು. ಕಿಟಕಿಗೆ ಬಿಸಿಲು ಬಿದ್ದಿರಬಹುದು.

ಈ ಊರಲ್ಲಿ ನಾನು ಬಂದಾಗಿನಿಂದ ಬಿಸಿಲು ಬಿದ್ದಿಲ್ಲ.

ಸೇತುವೆಯ ಹತ್ತಿರ ಹೋದದ್ದು ಐವತ್ತು ಎಂದು ಇಟ್ಟುಕೊಳ್ಳೋಣ.

೪ ಫೆಬ್ರವರಿ, ಮಂಗಳವಾರ

ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಪವಿ ದೂರು ಬರೆಯುತ್ತಿದ್ದಳು. ಶೈಲೇಶ ಪಕ್ಕದಲ್ಲಿ ನಿಂತು ಜರ್ಮನ್ ತಿದ್ದುತ್ತಿದ್ದ. ಬೆಂಡರ್ ಎಂಬ ಹೆಸರು ಬರೆದದ್ದು ನನಗೂ ಓದಲು ಬಂತು.

"ಆ ಮುದುಕನ್ನ ಬಿಡು," ಎಂದೆ.

"ಹಂಗ ಬಿಡಾಕ ಬರೂದಿಲ್ರಿ ಕಾಕಾ. ಕೆಟ್ಟ ವಾರ ಯಾಕ ಕೆಟ್ಟಿತು ಅಂತ ತೋರಿಸದಿದ್ರ ಛಲೋ ವಾರಾನೂ ಯಾರೂ ನಂಬೂದಿಲ್ಲ."

"ಅವಾ ಅಲ್ಲ. ಆ ತಿರುಗಣಿ ತಿರುವಿದಾಂವ ನಾ."

ಶೈಲೇಶ ಪೆನ್ನು ಕೆಳಗಿಟ್ಟ. ಪವಿ ನನ್ನನ್ನೇ ನೋಡಿದಳು.

"ಎಷ್ಟಕ್ಕ?"

"ಐದಕ್ಕ."

"ಪ್ರತಿ ಸಲಾನೂ?"

"ಥಂಡಿ ಇತ್ತವಾ. ಹೊಂಟಾಗ ಮತ್ತ ಒಂದಕ್ಕಽ ಇಡ್ತಿದ್ದೆ."

ಅವಳು ಎದ್ದು, ತೊಳೆದಿದ್ದ ಲೋಟಗಳನ್ನೇ ಮತ್ತೆ ತೊಳೆಯತೊಡಗಿದಳು. ನೀರು ಬಹಳ ಹೊತ್ತು ಬಿಟ್ಟೇ ಇತ್ತು. ಇಲ್ಲಿ ನೀರಿಗೆ ಬಿಲ್ಲು ಬರುತ್ತದೆ ಎಂದು ನನಗೆ ಅವಳೇ ಬೈದಿದ್ದಳು.

"ನಾಕು ವಾರ ಕಾಕಾ," ಎಂದಳು, ತಿರುಗದೆ. "ನನ್ನ ಕೈಯಽ ಕೆಟ್ಟತೇನೋ ಅಂತ ತಿಳದಿದ್ದೆ. ಈ ಕೆಲಸಾನಽ ಬಿಡಬೇಕು ಅಂತ ಮಾಡಿದ್ದೆ."

ನಾನು ಬಯ್ಯಿಸಿಕೊಳ್ಳಲು ಸಿದ್ಧನಾಗಿದ್ದೆ. ಇದಕ್ಕೆ ಸಿದ್ಧನಾಗಿರಲಿಲ್ಲ.

ಶೈಲೇಶ ಹೋಗಿ ನಲ್ಲಿ ನಿಲ್ಲಿಸಿದ. "ಸಿಐಡಿನೂ ನೀವಽ, ಆರೋಪಿನೂ ನೀವಽ. ಕೋರ್ಟಿನ ಖರ್ಚರೆ ಉಳೀತು ಬಿಡ್ರಿ ಕಾಕಾ."

ಪವಿಯ ಭುಜ ಅಲುಗಿತು. ನಕ್ಕಳೋ ಅತ್ತಳೋ ತಿಳಿಯಲಿಲ್ಲ, ಬೆನ್ನು ಈ ಕಡೆ ಇತ್ತು. ಆಮೇಲೆ ಕೈ ಒರೆಸಿಕೊಂಡು ದೂರಿನ ಹಾಳೆಯನ್ನು ಎರಡಾಗಿ ಹರಿದಳು.

"ಯಾವ ದಿನಾ ಎಷ್ಟೊತ್ತಿನಿಂದ ಎಷ್ಟೊತ್ತು, ನೆನಪದ ಏನ್ರಿ?"

"ವಹಿದಾಗ ಬರದೀನಿ."

"ಎಲ್ಲಾ?"

"ನೀರಿನ ಪಾಳಿ ಬರದಂಗ."

೫ ಫೆಬ್ರವರಿ, ಬುಧವಾರ

ಪವಿ ಪ್ರೊಫೆಸರಿಗೆ ಎಲ್ಲ ಹೇಳಿದ್ದಾಳೆ. ಅವರು ನಗಲಿಲ್ಲವಂತೆ. ಪ್ರತಿ ದಿನದ ಹೊತ್ತು ಬರೆದದ್ದು ನಿಜವಾಗಿ ಇದ್ದರೆ ತನ್ನಿ. ಬಿಸಿ ತಾಗಿದ ವಾರ ಬೇರೆ, ತಾಗದ ವಾರ ಬೇರೆ ಎಂದು ಅದರಿಂದ ಗಟ್ಟಿಯಾದರೆ, ಹದಿನಾಲ್ಕಕ್ಕೆ ಡಿಸೆಂಬರಿನ ಮೂರು ವಾರ ಮತ್ತು ಜ್ವರದ ವಾರವನ್ನು ಲೆಕ್ಕಕ್ಕೆ ಹಿಡಿಯುತ್ತೇನೆ ಎಂದಿದ್ದಾರೆ. ಫೆರ್ಟ್ರಾಗ್ ಕೊಡುತ್ತೇನೆಂದು ಹೇಳಿಲ್ಲ. ನೋಡುತ್ತೇನೆ ಎಂದಿದ್ದಾರೆ.

ಕಾರಿನ್ ಉಣ್ಣೆಯ ಕಾಲುಚೀಲ ಕಳಿಸಿದ್ದಾಳೆ. ಜಾಗ ಒಂದೇ ಇರುವಾಗ ಎದುರಾಳಿಯ ತಟ್ಟೆ ಉಳಿಸಲು ರೊಕ್ಕ ಹಾಕಿದವಳು, ನನ್ನ ಕಾಲಿಗೆ ಯಾಕೆ ಕಾಳಜಿ ಮಾಡುತ್ತಾಳೆ? ಇದರಲ್ಲೇನೋ ಮಸಲತ್ತು ಇದೆ. ಹಾಕಿಕೊಂಡಿದ್ದೇನೆ, ಬೆಚ್ಚಗಿವೆ.

ನಾಳೆ ಬೆಳಿಗ್ಗೆ ವಹಿ ಪವಿಯ ಕೈಗೆ ಹೋಗುತ್ತದೆ. ಪುಟ ಪುಟ ಓದಿ ಇಂಗ್ಲಿಷಿಗೆ ಇಳಿಸುತ್ತಾಳಂತೆ, ಕೆಳಗೆ ನನ್ನ ಸಹಿ. ಬೇಕಾದ ಹಾಳೆ ಮಾತ್ರ ಹರಿದು ಕೊಡುತ್ತೇನೆ ಎಂದೆ.

"ಹಾಳಿ ಹರಿದ ವಹಿ ಯಾರೂ ನಂಬೂದಿಲ್ರಿ. ತಪ್ಪು ಬರದಿದ್ರ ಅಳಸಬ್ಯಾಡ್ರಿ, ಕೆರದು ಕಾಣದಂಗೂ ಮಾಡಬ್ಯಾಡ್ರಿ. ಒಂದಽ ಗೀಟು ಎಳೀರಿ, ಕೆಳಗಿಂದು ಓದಾಕ ಬರಬೇಕು. ಬಾಜೂಕ ಖರೇದು ಬರದು, ತಾರೀಖು ಹಾಕ್ರಿ. ನಮ್ಮಲ್ಲೆ ಹಂಗಽ ಪದ್ಧತಿ."

ಹಗಲೆಲ್ಲ ಕುಳಿತು ನೋಡಿದೆ. ಹೊತ್ತು ಬರೆದದ್ದರಲ್ಲಿ ಒಂದೂ ತಪ್ಪಿಲ್ಲ. ಹನ್ನೆರಡನೇ ತಾರೀಖು ಮತ್ತು ಹತ್ತೊಂಬತ್ತು ಬರೆದಿರಲಿಲ್ಲ, ಟ್ರಾಮಿನ ಚೀಟಿಗಳು ಕಿಸೆಯಲ್ಲೇ ಇದ್ದವು, ಅವುಗಳ ಮೇಲಿನ ಹೊತ್ತು ನೋಡಿ ಅಂಚಿನಲ್ಲಿ ಸೇರಿಸಿ, ಇವತ್ತು ಸೇರಿಸಿದ್ದು ಎಂದೂ ಬರೆದೆ. ಕಾರಿನ್ ಬಗ್ಗೆ ಬರೆದದ್ದು ಹಾಗೇ ಇರಲಿ, ಪವಿ ಅದನ್ನು ಇಂಗ್ಲಿಷಿಗೆ ಇಳಿಸಲಾರಳು.

ಉಳಿದದ್ದು ಬೆಂಕಿಪೊಟ್ಟಣದ ಸಾಲುಗಳು. ತಟ್ಟೆಗೂ ಅದಕ್ಕೂ ಸಂಬಂಧವಿಲ್ಲ, ಆದರೆ ಅವಳು ಓದುತ್ತಾಳೆ. ಒಂದೇ ಸಂಗತಿಗೆ ಮೂರು ಪುಟದಲ್ಲಿ ಮೂರು ಅಂಕಿ ಕಂಡರೆ ಹೊತ್ತು ಬರೆದದ್ದನ್ನೂ ಯಾಕೆ ನಂಬಬೇಕು?

ಜನವರಿ ಇಪ್ಪತ್ತರ ಹತ್ತಕ್ಕೆ ಗೀಟು ಎಳೆದೆ. ಇಪ್ಪತ್ತೆರಡರ ಇಪ್ಪತ್ತಕ್ಕೂ ಎಳೆದೆ. ಮೊನ್ನೆಯ ಐವತ್ತಕ್ಕೂ. ಅಂಗಡಿಗೆ ಹೋಗದೆ ತಿರುಗಿ ಬಂದದ್ದು ಹೊತ್ತು ಸಾಲದೆ ಅಲ್ಲ, ಟ್ರಾಮಿಗೂ ಚಿಲ್ಲರೆ ಇರಲಿಲ್ಲ, ನಡೆದೇ ಬಂದೆ. ಎಮ್ಮೆಯ ರೊಕ್ಕ ಪೂರ್ತಿ. ಮುನ್ನೂರ ನಲವತ್ತು ಯೂರೋ.

ದುಂಡಪ್ಪ, ೫-೨-೨೦೦೩